ಗುಜರಿ ಯಾರ್ಡ್‌ನಲ್ಲಿ ನಮ್ಮ ಕಾರಿಗೆ ಹೊಂದುವ ಪಾರ್ಟ್ ಹುಡುಕೋದು ಹೇಗೆ?

ನಿಮ್ಮದೇ ಮಾಡೆಲ್ ಹುಡುಕುತ್ತಾ ಸುಮ್ನೆ ಅಲೆಯಬೇಡಿ, ಪಾರ್ಟ್ ನಂಬರ್ ಹುಡುಕಿ. ಖರ್ಚು ಉಳಿಸೋಕೆ ಕಂಪನಿಗಳು ಒಂದೇ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಪಾರ್ಟ್), ಒಂದೇ ವಿಂಡೋ ಮೋಟಾರನ್ನು ಎಷ್ಟೋ ಸಲ ಬೇರೆ ಬೇರೆ ಮಾಡೆಲ್‌ಗಳಿಗೂ ಹಾಕಿರುತ್ತವೆ. ಟೊಯೊಟಾ ಕ್ಯಾಮ್ರಿ ಇದ್ದವರು ಟೊಯೊಟಾದವರದೇ ಆದ ಲೆಕ್ಸಸ್ ಇಎಸ್ ಕಾರಿನ ಬಾನೆಟ್ ಕೂಡ ಎತ್ತಿ ನೋಡಬಹುದು, ಎರಡರ ತಳಪಾಯ ಒಂದೇ ಅಲ್ವಾ.

ನಾವೇ ಸ್ಪ್ಯಾನರ್ ಹಿಡಿದು ಬಿಚ್ಚಿಕೊಳ್ಳೋ ಜಾಗವಾದ್ದರಿಂದ ಹಳೇ ಪಾರ್ಟ್ ಜೊತೆಗೇ ಒಯ್ಯಿರಿ. ಅದರ ಮೇಲಿನ ನಂಬರ್ ಅಳಿಸಿಹೋಗಿದ್ದರೆ ಹಳೇದು, ಅಲ್ಲಿ ಸಿಕ್ಕಿದ್ದು ಎರಡನ್ನೂ ಪಕ್ಕಪಕ್ಕ ಹಿಡಿದು ಬೋಲ್ಟ್ ತೂತುಗಳ ಅಂತರ, ವೈರ್ ಸಿಕ್ಕಿಸೋ ಕನೆಕ್ಟರ್ ಒಳಗಿನ ಪಿನ್ನುಗಳನ್ನು ಹೋಲಿಸಿ. ಒಂದು ಪಿನ್ ಜಾಸ್ತಿ ಇದ್ದರೂ ಬಿಟ್ಟುಬಿಡಿ.

ಎಂಜಿನ್ ಕಡೆಯ ಪಾರ್ಟ್ ಬೇಕಿದ್ದರೆ ಹಿಂದಿನಿಂದ ಗುದ್ದಿಸಿಕೊಂಡ ಕಾರೇ ಒಳ್ಳೇದು. ಗುದ್ದೋವರೆಗೂ ಅದು ಓಡ್ತಾ ಇದ್ದಿರೋ ಸಾಧ್ಯತೆ ಜಾಸ್ತಿ. ಏರ್‌ಬ್ಯಾಗ್ ಮಾತ್ರ ಮುಟ್ಟಬೇಡಿ.