ಬೆರಳಿನಲ್ಲಿ ಮುರಿದ ಲಿಂಬೆ ಮುಳ್ಳು ಎಕ್ಸ್‌ರೇಯಲ್ಲಿ ಕಾಣದಿದ್ದರೆ ಏನು ಮಾಡಬೇಕು?

ಲಿಂಬೆಹಣ್ಣು ಹರಿಯುವಾಗ ತೋರುಬೆರಳಿಗೆ ಮುಳ್ಳು ಚುಚ್ಚಿ ಎಂಟು ದಿನಗಳಾದವು, ತುದಿ ಒಳಗೇ ಮುರಿದಂತಿದೆ, ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣಲಿಲ್ಲ, ಸುಮ್ಮನಿರಬಹುದೇ ಅಥವಾ ಮನೆಯಲ್ಲೇ ಸೂಜಿಯಿಂದ ತೆಗೆಯಬಹುದೇ ಎಂದು ತಾವು ಕೇಳಿದ್ದೀರಿ. ನಾನು ವೈದ್ಯನಲ್ಲ, ಇಂಡಿ ತಾಲ್ಲೂಕಿನಲ್ಲಿ ಲಿಂಬೆ ತೋಟ ಮಾಡಿಕೊಂಡಿರುವವನು. ಆದರೆ ಎಕ್ಸ್‌ರೇ ನಂಬಿ ಮೂರು ವಾರ ಕೈ ಕಟ್ಟಿ ಕುಳಿತ ತಪ್ಪು ನನ್ನದೂ ಆಗಿರುವುದರಿಂದ ಬರೆಯುತ್ತಿದ್ದೇನೆ.

ಎಕ್ಸ್‌ರೇಯಲ್ಲಿ ಲೋಹದ ಚೂರು ಕಾಣುತ್ತದೆ, ಗಾಜೂ ಬಹುಮಟ್ಟಿಗೆ ಕಾಣುತ್ತದೆ. ಮುಳ್ಳು, ಕಟ್ಟಿಗೆಯ ಸಿಬಿರು ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಎಕ್ಸ್‌ರೇ ಹೇಳಿರುವುದು ಮೂಳೆ ಸರಿಯಾಗಿದೆ ಎಂಬುದನ್ನೇ ಹೊರತು ಮುಳ್ಳು ಇಲ್ಲ ಎಂಬುದನ್ನಲ್ಲ. ಮುಳ್ಳನ್ನು ಹುಡುಕಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕು. ನನಗೆ ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ಗುಳಿಗೆ ಬರೆದು ಕಳುಹಿಸಿದ್ದರು. ಗುಳಿಗೆ ನುಂಗಿದಷ್ಟು ದಿನ ಬಾವು ಇಳಿಯುತ್ತಿತ್ತು, ಬಿಟ್ಟ ಕೂಡಲೇ ಮತ್ತೆ ಏರುತ್ತಿತ್ತು. ಕೊನೆಗೆ ವಿಜಯಪುರದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಸುಮಾರು 6 ಮಿಲಿಮೀಟರ್ ತುಂಡು ಬೆರಳಿನ ಗಂಟಿನ ಪಕ್ಕದಲ್ಲೇ ಸಿಕ್ಕಿತು. ಹೀಗೆ ಇಳಿದು ಮತ್ತೆ ಏರುವ ಬಾವು ಒಳಗೆ ಏನೋ ಉಳಿದಿದೆ ಎಂಬುದರ ಬಲವಾದ ಸೂಚನೆ ಎಂದು ಅಲ್ಲಿನ ವೈದ್ಯರು ತಿಳಿಸಿದರು.

ತಾನಾಗಿಯೇ ಹೊರಬರುವುದೇ ಎಂಬುದಕ್ಕೆ ಉತ್ತರ ಚುಚ್ಚಿದ ವಸ್ತುವನ್ನೂ ಅದು ಕುಳಿತ ಜಾಗವನ್ನೂ ಅವಲಂಬಿಸಿದೆ. ಲೋಹದ ಸಣ್ಣ ಚೂರು ಕೆಲವೊಮ್ಮೆ ವರ್ಷಗಟ್ಟಲೆ ತೊಂದರೆ ಕೊಡದೆ ಒಳಗೇ ಇದ್ದುಬಿಡುತ್ತದೆ. ಮುಳ್ಳಾದರೋ ಗಿಡದ ಭಾಗ. ತನ್ನ ಜೊತೆ ಮಣ್ಣನ್ನೂ ಸೂಕ್ಷ್ಮಾಣುಗಳನ್ನೂ ಒಯ್ಯುತ್ತದೆ, ಶರೀರವೂ ಅದನ್ನು ಸಹಿಸದೆ ಸುತ್ತಲೂ ಗಂಟು ಕಟ್ಟುತ್ತದೆ ಅಥವಾ ಕೀವು ತುಂಬುತ್ತದೆ. ತೊಗಲಿನ ಮೇಲ್ಪದರದಲ್ಲಿದ್ದರೆ ಕೀವಿನೊಡನೆ ಹೊರಬರುವುದುಂಟು. ಬೆರಳಿನ ಕೀಲಿನೊಳಗೆ ಹೊಕ್ಕರೆ ಆ ಕೀಲೇ ಬಾತು ತಿಂಗಳುಗಟ್ಟಲೆ ನೋಯಬಹುದು.

ಮನೆಯಲ್ಲಿ ತೆಗೆಯುವುದು ತುದಿ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಸರಿ. ಕೈಯನ್ನೂ ಗಾಯವನ್ನೂ ಸಾಬೂನಿನಿಂದ ತೊಳೆದು, ಸೂಜಿ ಮತ್ತು ಚಿಮಟವನ್ನು ಸ್ಪಿರಿಟ್‌ನಿಂದ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಮೇಲಿನ ತೊಗಲನ್ನಷ್ಟೇ ಬಿಡಿಸಿ, ಮುಳ್ಳು ಒಳಹೊಕ್ಕ ಓರೆಯಲ್ಲೇ ಹಿಂದಕ್ಕೆ ಎಳೆಯಬೇಕು. ಬಹಳ ಹೊತ್ತು ನೀರಿನಲ್ಲಿ ನೆನೆಸಿದರೆ ಮುಳ್ಳು ಉಬ್ಬಿ ಮೆತ್ತಗಾಗಿ ತುಂಡಾಗುತ್ತದೆ; ಹಿಸುಕಿದರೆ ಇನ್ನೂ ಆಳಕ್ಕಿಳಿಯುತ್ತದೆ. ನಮ್ಮ ಕಡೆ ಎಕ್ಕೆಯ ಹಾಲು ಹಚ್ಚುವ ರೂಢಿಯಿದೆ. ಅದು ಚರ್ಮವನ್ನು ಸುಡುತ್ತದೆ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರೆ ಕಣ್ಣಿಗೇ ಅಪಾಯ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ರಾಜಕಾರಣಕ್ಕೆ ಬಿಟ್ಟುಬಿಡೋಣ. ನಾನು ಪಿನ್ನಿನಿಂದ ಎರಡು ದಿನ ಅಗೆದಾಗ ನಮ್ಮ ಅವ್ವ "ಅದನ್ನ ಕೆದರಿ ಕೆದರಿ ಹುಣ್ಣ ಮಾಡ್ಕೋಬ್ಯಾಡೋ" ಎಂದದ್ದೇ ಸರಿಯಾದ ಸಲಹೆಯಾಗಿತ್ತು. ಎಂಟು ದಿನ ಕಳೆದಿರುವ, ತುದಿ ಕಾಣದ ನಿಮ್ಮ ಮುಳ್ಳಿಗೆ ದಯವಿಟ್ಟು ಸೂಜಿ ಹಾಕಬೇಡಿರಿ.

ತೋಟದ ಮಣ್ಣಿನಲ್ಲಿ, ಅದರಲ್ಲೂ ಸಗಣಿ ಗೊಬ್ಬರ ಹಾಕಿದಲ್ಲಿ, ಧನುರ್ವಾಯುವಿನ ಬೀಜಾಣುಗಳು ಇರುತ್ತವೆ. ಕೊನೆಯ ಚುಚ್ಚುಮದ್ದು ಪಡೆದು 5 ವರ್ಷ ದಾಟಿದ್ದರೆ ಇಂತಹ ಗಾಯಕ್ಕೆ ಮತ್ತೊಂದು ಬೇಕಾಗುತ್ತದೆ. ಆದರೆ ಆ ಸೂಜಿ ಧನುರ್ವಾಯುವನ್ನಷ್ಟೇ ತಡೆಯುತ್ತದೆ, ಕೀವನ್ನಲ್ಲ. "ಟಿಟಿ ಮಾಡಿಸೀನಿ, ಇನ್ನೇನಾಗ್ತೈತಿ" ಎನ್ನುವವರು ನಮ್ಮಲ್ಲಿ ಬಹಳ.

ಇಡೀ ಬೆರಳು ಬಾತು, ಅರ್ಧ ಮಡಚಿದಂತೆಯೇ ನಿಂತು, ನೇರ ಮಾಡಲು ಹೋದರೆ ಪ್ರಾಣ ಹೋಗುವಷ್ಟು ನೋವಾದರೆ ಸ್ನಾಯುರಜ್ಜುವಿನ, ಅಂದರೆ ಬೆರಳನ್ನು ಮಡಚುವ ಹುರಿಯ, ಸುತ್ತಲಿನ ಚೀಲಕ್ಕೆ ಸೋಂಕು ತಗುಲಿರುವ ಸಾಧ್ಯತೆ ಇದೆ. ಆಗ ಬೆಳಗಿನವರೆಗೂ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳು ಮಡಚುವ ಶಕ್ತಿಯೇ ಹೋಗಬಹುದು. ಕೈ ಮೇಲೆ ಕೆಂಪು ಗೆರೆ ಏರಿದರೂ, ಜ್ವರ ಬಂದರೂ ಹಾಗೆಯೇ. ಸಕ್ಕರೆ ಕಾಯಿಲೆ ಇರುವವರು ಇಷ್ಟು ಲಕ್ಷಣಗಳಿಗೂ ಕಾಯಬಾರದು.

ಇವು ಯಾವುವೂ ಇಲ್ಲದಿದ್ದರೂ ಎರಡು ಮೂರು ದಿನಗಳಲ್ಲಿ ಶಸ್ತ್ರಚಿಕಿತ್ಸಕರನ್ನು ಕಾಣಿರಿ. ಚುಚ್ಚಿದ್ದು ಮುಳ್ಳು ಎಂಬುದನ್ನು ಮೊದಲೇ ಹೇಳಿ ಅಲ್ಟ್ರಾಸೌಂಡ್ ಬಗ್ಗೆ ಕೇಳಿರಿ. ಹೋಗುವಾಗ ಅದೇ ಗಿಡದ ಒಂದು ಮುಳ್ಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರೆ ಒಳ್ಳೆಯದು. ನನ್ನ ಬೆರಳಿನಿಂದ ತೆಗೆದ ತುಂಡು ಪೂರ್ತಿ ಬಂದಿದೆಯೇ ಎಂದು ವೈದ್ಯರು ತಾಳೆ ನೋಡಿದ್ದು ಅಂಥದೇ ಒಂದು ಮುಳ್ಳಿನ ತುದಿಯೊಡನೆ.