ಅಮೆರಿಕದ ವಲಸೆ ಜಾರಿ: ವಿಡಿಯೊದಲ್ಲಿ ಕಾಣುವುದು, ಕಾಗದದಲ್ಲಿ ಇರುವುದು

ಅಮೆರಿಕದ ವಲಸೆ ಕಾನೂನಿನ ವಕೀಲನಾಗಿ ನನಗೆ ಬರುವ ಪತ್ರಗಳ ಸ್ವರ ಈಚೆಗೆ ಬದಲಾಗಿದೆ. ಮೊದಲೆಲ್ಲ ಗ್ರೀನ್ ಕಾರ್ಡ್ ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು. ಈಗ ‘ಐಸ್’ ಬಾಗಿಲು ತಟ್ಟಿದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಐಸ್ ಎಂದರೆ ಅಮೆರಿಕದ ಗೃಹ ಭದ್ರತಾ ಇಲಾಖೆಯ ಕೆಳಗೆ 2003ರಲ್ಲಿ ರೂಪುಗೊಂಡ ವಲಸೆ ಮತ್ತು ಸುಂಕ ಜಾರಿ ಸಂಸ್ಥೆ. ವೀಸಾ ಕೊಡುವವರು ಅವರಲ್ಲ, ಗ್ರೀನ್ ಕಾರ್ಡ್ ಅರ್ಜಿ ಪರಿಶೀಲಿಸುವವರು ಅವರಲ್ಲ, ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುವವರೂ ಅವರಲ್ಲ. ಆ ಮೂರೂ ಬೇರೆ ಬೇರೆ ಕಚೇರಿಗಳ ಕೆಲಸ. ಬಂದ ಪತ್ರಗಳಲ್ಲಿ ಐದನ್ನು ಆರಿಸಿ, ಬರೆದವರ ಹೆಸರು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ನನ್ನ ಮಗ ಡಲ್ಲಾಸ್‌ನಲ್ಲಿ ಎಚ್‌-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮುಸುಕು ಹಾಕಿದವರು ಜನರನ್ನು ರಸ್ತೆಯಲ್ಲೇ ಎಳೆದೊಯ್ಯುವ ವಿಡಿಯೊಗಳು ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿವೆ. ಕತ್ತಲಾದ ಮೇಲೆ ಹೊರಗೆ ಹೋಗಬೇಡ ಎಂದು ಹೇಳಿದ್ದೇನೆ. ಅವನು ನಕ್ಕು ಸುಮ್ಮನಾಗುತ್ತಾನೆ. ನನಗೆ ನಿದ್ದೆ ಹತ್ತುತ್ತಿಲ್ಲ.
— ಒಬ್ಬ ತಾಯಿ, ಮೈಸೂರು

ಅಮ್ಮ, ಆ ವಿಡಿಯೊಗಳಲ್ಲಿ ಬಹಳಷ್ಟು ನಿಜವಾದವೇ. ನಿಮ್ಮ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಲಾಸ್ ಏಂಜಲೀಸ್ ಪ್ರದೇಶದಲ್ಲಿ ಜನರ ಮೈಬಣ್ಣ, ಮಾತನಾಡುವ ಭಾಷೆ, ಮಾಡುವ ಕೆಲಸ, ನಿಂತಿರುವ ಜಾಗ, ಇಷ್ಟನ್ನೇ ನೋಡಿ ತಡೆದು ವಿಚಾರಿಸಬಾರದು ಎಂದು ಕೆಳಗಿನ ನ್ಯಾಯಾಲಯ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು ತಡೆಹಿಡಿಯಿತು. ಅಮೆರಿಕದ ಪೌರರನ್ನೇ ಹಿಡಿದು ಕೂರಿಸಿದ ಪ್ರಕರಣಗಳೂ ನಡೆದಿವೆ. ಆದ್ದರಿಂದ ‘ಕಾಗದಪತ್ರ ಸರಿಯಿದ್ದರೆ ಯಾರೂ ಮುಟ್ಟುವುದಿಲ್ಲ’ ಎಂದು ಭರವಸೆ ಕೊಡಲಾರೆ.

ಆದರೂ ನಿಮ್ಮ ಮಗನ ಸ್ಥಿತಿಯಲ್ಲಿರುವವರಿಗೆ ತೊಂದರೆ ಬಂದರೆ ಅದು ಸಂಜೆಯ ರಸ್ತೆಯಿಂದ ಬರುವುದಕ್ಕಿಂತ ಕಂಪ್ಯೂಟರಿನಲ್ಲಿರುವ ಒಂದು ದಾಖಲೆಯಿಂದ ಬರುವ ಸಂಭವವೇ ಹೆಚ್ಚು. 2025ರ ವಸಂತದಲ್ಲಿ ನಡೆದದ್ದನ್ನು ನೋಡಿ. ಸರ್ಕಾರವು ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸ್ ದತ್ತಾಂಶದೊಂದಿಗೆ ತಾಳೆ ನೋಡಿತು. ಹೊಂದಿಕೆಯಾದ ಸಾವಿರಾರು ಮಂದಿಯ, ಅಲ್ಲಿ ಉಳಿದು ಓದಲು ಬೇಕಾದ ವಿದ್ಯಾರ್ಥಿ ದಾಖಲೆಯನ್ನು ಮುನ್ಸೂಚನೆಯಿಲ್ಲದೆ ರದ್ದು ಮಾಡಿತು. ಅವರಲ್ಲಿ ಎಷ್ಟೋ ಜನರ ಮೇಲಿದ್ದದ್ದು ವೇಗವಾಗಿ ಗಾಡಿ ಓಡಿಸಿದ್ದಕ್ಕೆ ದಂಡ, ಇಲ್ಲವೇ ನ್ಯಾಯಾಲಯ ಎಂದೋ ವಜಾ ಮಾಡಿದ್ದ ಸಣ್ಣ ಪ್ರಕರಣ. ದೇಶದ ಹಲವೆಡೆ ದಾವೆ ಹೂಡಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಸರ್ಕಾರ ಹಿಂದೆ ಸರಿದು ದಾಖಲೆಗಳನ್ನು ಮತ್ತೆ ಜೀವಂತಗೊಳಿಸಿತು. ಆ ಕೆಲವು ವಾರಗಳಲ್ಲಿ ಮಕ್ಕಳು ಅನುಭವಿಸಿದ ಸಂಕಟ ನನಗೆ ಗೊತ್ತು. ಯಾರನ್ನೂ ರಸ್ತೆಯಲ್ಲಿ ಅಟ್ಟಾಡಿಸಿರಲಿಲ್ಲ. ಒಂದು ಕಾಲೇಜಿನ ಕಚೇರಿಯಿಂದ ಬಂದ ಇ-ಮೇಲ್ ಅಷ್ಟೆ.

ಹೀಗಾಗಿ ಮಗನಿಗೆ ಹೊರಗೆ ಹೋಗಬೇಡ ಎನ್ನುವ ಬದಲು ಇದನ್ನು ಹೇಳಿ. ಸಂಚಾರ ನಿಯಮ ಮುರಿದ ಪ್ರಕರಣ ಏನಾದರೂ ಇದ್ದರೆ ಅದು ಹೇಗೆ ಮುಗಿಯಿತು ಎಂಬುದಕ್ಕೆ ನ್ಯಾಯಾಲಯದ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಲಿ. ಕುಡಿದು ಸ್ಟಿಯರಿಂಗ್ ಹಿಡಿಯಲೇಬಾರದು. ಆ ಆರೋಪದ ಮೇಲೆ ಬಂಧನವಾದರೆ ಸಾಕು, ಶಿಕ್ಷೆಯಾಗುವ ಮೊದಲೇ ವೀಸಾ ರದ್ದಾಗಬಹುದು. ಮನೆ ಬದಲಿಸಿದರೆ 10 ದಿನದೊಳಗೆ ಸರ್ಕಾರಕ್ಕೆ ಹೊಸ ವಿಳಾಸ ತಿಳಿಸಬೇಕು. ನಮ್ಮ ಹುಡುಗರು ಹೆಚ್ಚಾಗಿ ಮರೆಯುವುದು ಇದನ್ನೇ. ಐ-94 ಎಂಬ ಪ್ರವೇಶ ದಾಖಲೆಯ ಮುದ್ರಿತ ಪ್ರತಿ ಸದಾ ಜೊತೆಯಲ್ಲಿರಲಿ. 18 ದಾಟಿದ ವಿದೇಶಿಯರು ನೋಂದಣಿ ಪುರಾವೆ ಇಟ್ಟುಕೊಂಡೇ ಓಡಾಡಬೇಕು ಎಂಬ ಕಾನೂನು ಹಳೆಯದು. ಬಹುಕಾಲ ಅದನ್ನು ಯಾರೂ ಕೇಳುತ್ತಿರಲಿಲ್ಲ, 2025ರ ಏಪ್ರಿಲ್‌ನಿಂದ ಕೇಳುತ್ತಿದ್ದಾರೆ.

ಇನ್ನೊಂದು ಮಾತು. ವಾಟ್ಸ್‌ಆ್ಯಪ್ ಸುದ್ದಿಯೇ ನಷ್ಟ ಮಾಡುವುದೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಎಚ್‌-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂದಾಗ, ರಜೆಗೆ ಊರಿಗೆ ಬಂದಿದ್ದವರು ಸಿಕ್ಕಿದ ಬೆಲೆಗೆ ಟಿಕೆಟ್ ಕೊಂಡು ಹಿಂದಕ್ಕೆ ಓಡಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಸ್ಪಷ್ಟನೆ ಬರುವ ಹೊತ್ತಿಗೆ ಎಷ್ಟೋ ಜನ ವಿಮಾನ ಹತ್ತಿಯಾಗಿತ್ತು.

ಹಿಡಿಯುತ್ತಿರುವುದು ಕಳ್ಳರು, ಕೊಲೆಗಾರರನ್ನು ತಾನೆ? ಒಬಾಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಹೊರಗೆ ಕಳುಹಿಸಿದ್ದರಂತೆ. ಆಗ ಇಲ್ಲದ ಗದ್ದಲ ಈಗೇಕೆ?
— ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಸರ್, ಒಬಾಮ ಕುರಿತ ಮಾತು ಸರಿ. 2012ರ ಹಣಕಾಸು ವರ್ಷದಲ್ಲಿ ಐಸ್ ಸುಮಾರು 4 ಲಕ್ಷ 10 ಸಾವಿರ ಜನರನ್ನು ಗಡೀಪಾರು ಮಾಡಿತು. ಟ್ರಂಪ್ ಅವರ ಮೊದಲ ಅವಧಿಯ ಯಾವ ವರ್ಷವೂ ಅದರ ಹತ್ತಿರ ಬರಲಿಲ್ಲ. ಬೈಡನ್ ಅವರ ಕೊನೆಯ ಪೂರ್ಣ ಹಣಕಾಸು ವರ್ಷವಾದ 2024ರಲ್ಲಿ ಸಂಖ್ಯೆ 2 ಲಕ್ಷ 71 ಸಾವಿರ ಮುಟ್ಟಿತು. ಒಬ್ಬರು ಬಾಗಿಲು ತೆರೆದಿಟ್ಟರು, ಇನ್ನೊಬ್ಬರು ಮುಚ್ಚಿದರು ಎಂಬ ಚಿತ್ರ ಆ ದೇಶದಲ್ಲೂ ಬೇರೂರಿದೆ. ಲೆಕ್ಕ ಹಾಗಿಲ್ಲ.

ಆದರೆ ಬ್ಯಾಂಕಿನಲ್ಲಿದ್ದ ನಿಮಗೆ ತಿಳಿದಿರುವಂತೆ, ಮೊತ್ತ ಒಂದೇ ಆದರೂ ಖಾತೆ ಬೇರೆಯಾಗಿರಬಹುದು. ಒಬಾಮ ಕಾಲದ ಸಂಖ್ಯೆಯಲ್ಲಿ ದೊಡ್ಡ ಪಾಲು ಗಡಿ ದಾಟುವಾಗಲೇ ಸಿಕ್ಕವರದು. ಬಂದು ಕೆಲವು ದಿನಗಳಾಗಿದ್ದವು. ಅಲ್ಲಿ ಮನೆಯಿಲ್ಲ, ಮಕ್ಕಳ ಶಾಲೆಯಿಲ್ಲ. ಈಗ ಗಡಿ ಹೆಚ್ಚುಕಡಿಮೆ ಖಾಲಿ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ದಕ್ಷಿಣ ಗಡಿಯಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸಿಕ್ಕಿಬಿದ್ದಿದ್ದರು. 2025ರ ಮಾರ್ಚ್‌ನಲ್ಲಿ ಸುಮಾರು 7 ಸಾವಿರ. ಅಲ್ಲಿ ಜನರೇ ಇಲ್ಲದಿರುವಾಗ, ದಿನಕ್ಕೆ 3 ಸಾವಿರ ಬಂಧನ ಆಗಬೇಕು ಎಂದು ಶ್ವೇತಭವನ 2025ರ ಮೇ ತಿಂಗಳಲ್ಲಿ ಗುರಿ ಹೇಳಿತು. ಗುರಿ ತಲುಪಲು ಊರೊಳಗೇ ಹುಡುಕಬೇಕು.

ಊರೊಳಗೆ ಸುಲಭವಾಗಿ ಸಿಗುವವರು ಯಾರು? ತಲೆಮರೆಸಿಕೊಂಡ ಅಪರಾಧಿಯಲ್ಲ. ಅವನನ್ನು ಹಿಡಿಯಲು ದಿನಗಟ್ಟಲೆ ಕಾಯಬೇಕು, ಹಲವು ಅಧಿಕಾರಿಗಳು ಬೇಕು. ಸುಲಭವಾಗಿ ಸಿಗುವವನು, ಹೇಳಿದ ದಿನ ಹೇಳಿದ ಹೊತ್ತಿಗೆ ಕಚೇರಿಗೆ ಬಂದು ಸಹಿ ಹಾಕಿ ಹೋಗುವವನು. ಆಶ್ರಯ ಕೋರಿ ಅರ್ಜಿ ಹಾಕಿ, ವಿಚಾರಣೆಗೆ ತಪ್ಪದೆ ವಲಸೆ ನ್ಯಾಯಾಲಯಕ್ಕೆ ಬರುವವನು. 2025ರ ಮೇ ತಿಂಗಳಿಂದ ನ್ಯಾಯಾಲಯದ ಪಡಸಾಲೆಗಳಲ್ಲೇ ಬಂಧನಗಳು ನಡೆದವು. ಆ ವರ್ಷದ ಕೊನೆಯ ಹೊತ್ತಿಗೆ ಐಸ್ ವಶದಲ್ಲಿದ್ದವರು 65 ಸಾವಿರಕ್ಕೂ ಹೆಚ್ಚು, ಅಲ್ಲಿಯವರೆಗಿನ ದಾಖಲೆ. ಅವರಲ್ಲಿ ಹತ್ತಕ್ಕೆ ಏಳು ಮಂದಿಗೂ ಹೆಚ್ಚು ಜನರಿಗೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರಲಿಲ್ಲ. ಕಾನೂನಿಗೆ ತಲೆಬಾಗಿ ಬಂದವನನ್ನು ಬಾಗಿಲಲ್ಲೇ ಹಿಡಿದರೆ ನಾಳೆ ಯಾರು ಬರುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

‘ಅಕ್ರಮ’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಗಡಿಯನ್ನು ಕದ್ದು ದಾಟುವುದು ಅಲ್ಲಿ ಅಪರಾಧ. ವೀಸಾ ಪಡೆದು ನೇರವಾಗಿ ಬಂದು, ಅವಧಿ ಮೀರಿ ಉಳಿಯುವುದು ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ಉಲ್ಲಂಘನೆ. ಅದಕ್ಕೆ ಗಡೀಪಾರು ಮಾಡಬಹುದು, ಜೈಲು ಶಿಕ್ಷೆ ವಿಧಿಸಲಾಗದು. ಆದರೆ ಸಿವಿಲ್ ಎಂದಾದ ಮಾತ್ರಕ್ಕೆ ಹಗುರವೂ ಅಲ್ಲ. ಕೊಲೆ ಆರೋಪಿಗೆ ಬಡತನವಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ವಲಸೆ ಪ್ರಕರಣದಲ್ಲಿ ಸಿಕ್ಕವನು ತನ್ನ ವಕೀಲನನ್ನು ತಾನೇ ಹುಡುಕಿಕೊಳ್ಳಬೇಕು. ಅವನ ಪ್ರಕರಣ ಕೇಳುವ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ, ಸರ್ಕಾರದ ನ್ಯಾಯ ಇಲಾಖೆಯ ನೌಕರರು. ಅವರ ಮುಂದೆ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿಯಿವೆ.

ಅಮೆರಿಕದ ಜನ ಇದನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ಅವರ ಮನಸ್ಸೂ ಸರಿದಿದೆ. ವಲಸೆ ಕಡಿಮೆಯಾಗಬೇಕು ಎನ್ನುತ್ತಿದ್ದವರು ಗ್ಯಾಲಪ್ ಸಮೀಕ್ಷೆಯಲ್ಲಿ 2024ರಲ್ಲಿ ಶೇ 55ರಷ್ಟಿದ್ದರು. ಮರುವರ್ಷ ಶೇ 30ಕ್ಕೆ ಇಳಿದರು.

ಮಗಳ ಹೆರಿಗೆಗೆ ಹೊರಟಿದ್ದೇವೆ. ನಮಗೆ ಹತ್ತು ವರ್ಷದ ವೀಸಾ ಸಿಕ್ಕಿದೆ. ಎಂಟು ತಿಂಗಳು ಇದ್ದು ಬರಬಹುದಲ್ಲವೇ?
— ತಂದೆ, ಹುಬ್ಬಳ್ಳಿ

ಬೇಡ. ಹತ್ತು ವರ್ಷ ಎಂಬುದು ಬಾಗಿಲು ತಟ್ಟಲು ಇರುವ ಅವಧಿ, ಒಳಗೆ ಉಳಿಯುವ ಅವಧಿಯಲ್ಲ. ಎಷ್ಟು ದಿನ ಇರಬಹುದು ಎಂಬುದನ್ನು ಇಳಿದ ದಿನ ಅಧಿಕಾರಿ ನಿರ್ಧರಿಸುತ್ತಾರೆ, ಅದು ಐ-94ರಲ್ಲಿ ನಮೂದಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳು. ಮನೆ ಮುಟ್ಟಿದ ದಿನವೇ ಮಗಳ ಕೈಯಲ್ಲಿ ಅಂತರ್ಜಾಲದಿಂದ ಅದನ್ನು ತೆಗೆಸಿ ದಿನಾಂಕ ನೋಡಿಕೊಳ್ಳಿ. ಹೆಚ್ಚು ದಿನ ಬೇಕಿದ್ದರೆ ಆ ದಿನಾಂಕಕ್ಕೆ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಒಂದು ದಿನ ಮೀರಿದರೂ ಆ ಹತ್ತು ವರ್ಷದ ವೀಸಾ ತಾನಾಗಿಯೇ ಬಿದ್ದುಹೋಗುತ್ತದೆ. 180 ದಿನಕ್ಕಿಂತ ಹೆಚ್ಚು ಮೀರಿ ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮರಳಿ ಹೋಗುವಂತಿಲ್ಲ. 1996ರ ಕಾನೂನು ಇದು. ಅಜ್ಜ, ಅಜ್ಜಿ ಎಂದು ವಿನಾಯಿತಿ ಇಲ್ಲ.

ಕೈಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದರಲ್ಲ, ಅವರಲ್ಲಿ ಕನ್ನಡಿಗರು ಇದ್ದರೇ? ನಮ್ಮವರು ಓದಿ ಕೆಲಸಕ್ಕೆ ಹೋದವರು, ಕಳ್ಳದಾರಿಯಲ್ಲಿ ಹೋದವರಲ್ಲ. ನಮ್ಮನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ಏಕೆ ತೂಗಬೇಕು?
— ಓದುಗರು, ಬೆಂಗಳೂರು

2025ರ ಫೆಬ್ರುವರಿ 5ರಂದು ಇಳಿದ ಆ ಮೊದಲ ಸೇನಾ ವಿಮಾನದಲ್ಲಿ 104 ಭಾರತೀಯರಿದ್ದರು. ಹರಿಯಾಣ ಮತ್ತು ಗುಜರಾತಿನವರು ತಲಾ 33, ಪಂಜಾಬಿನವರು 30, ಉಳಿದವರು ಮಹಾರಾಷ್ಟ್ರ, ಉತ್ತರ ಪ್ರದೇಶ ಮತ್ತು ಚಂಡೀಗಡದವರು. ಕರ್ನಾಟಕದವರು ಇರಲಿಲ್ಲ. ಗಡೀಪಾರು ಹೊಸದೂ ಅಲ್ಲ: 2009ರಿಂದ ಅಲ್ಲಿಯವರೆಗೆ 15,668 ಭಾರತೀಯರನ್ನು ಅಮೆರಿಕ ವಾಪಸು ಕಳುಹಿಸಿದೆ ಎಂದು ವಿದೇಶಾಂಗ ಸಚಿವ ಜೈಶಂಕರ್ ಮರುದಿನ ರಾಜ್ಯಸಭೆಗೆ ತಿಳಿಸಿದರು. ಕೋಳ ಹಾಕುವ ನಿಯಮ 2012ರಿಂದಲೇ ಇದೆ ಎಂದೂ ಹೇಳಿದರು. ನಿಯಮ ಹಳೆಯದು ಎಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ. ಹೊಲ ಮಾರಿ, ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು, ಕಾಡು ದಾಟಿ ಹೋದ ಹುಡುಗನ ಕಾಲಿಗೆ ಸರಪಳಿ ಹಾಕಿ ಅಷ್ಟು ದೂರ ಕೂರಿಸಿ ತರುವ ಅಗತ್ಯ ನನಗೆ ಕಾಣುವುದಿಲ್ಲ.

‘ನಮ್ಮವರು’ ಎಂಬ ಗೆರೆಯನ್ನು ನೀವು ಅಂದುಕೊಂಡಷ್ಟು ಸ್ಪಷ್ಟವಾಗಿ ಎಳೆಯಲಾಗದು. ದಾಖಲೆಯಿಲ್ಲದ ಭಾರತೀಯರು ಅಲ್ಲಿ ಎಷ್ಟಿದ್ದಾರೆ ಎಂಬುದರಲ್ಲೇ ಒಮ್ಮತವಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜು ಸುಮಾರು 7 ಲಕ್ಷ. ಗೃಹ ಭದ್ರತಾ ಇಲಾಖೆಯದೇ ಅಂದಾಜು 2022ಕ್ಕೆ 2 ಲಕ್ಷ 20 ಸಾವಿರ. ಆದರೆ ಕೆಲಸ ಹೋಗಿ, 60 ದಿನಗಳ ಗಡುವಿನಲ್ಲಿ ಇನ್ನೊಂದು ಕೆಲಸ ಸಿಗದೆ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಉಳಿದವರೂ ಕಾನೂನಿನ ಕಣ್ಣಿಗೆ ‘ದಾಖಲೆಯಿಲ್ಲದವರು’. ಮಿಶಿಗನ್‌ನಲ್ಲಿ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬ ಹೆಸರಿನಲ್ಲಿ ಐಸ್ ತನಿಖಾಧಿಕಾರಿಗಳೇ ಒಂದು ನಕಲಿ ವಿಶ್ವವಿದ್ಯಾಲಯ ನಡೆಸಿದ್ದರು. 2019ರ ಜನವರಿಯಲ್ಲಿ ಜಾಲ ಎಳೆದಾಗ ಬಂಧಿತರಾದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುತೇಕರು ಭಾರತೀಯರು, ಹೆಚ್ಚಿನವರು ತೆಲುಗು ನಾಡಿನವರು. ತರಗತಿಗಳಿಲ್ಲದ ಕಡೆ ಶುಲ್ಕ ಕಟ್ಟಿದ್ದು ಅವರ ತಪ್ಪೇ. ಆದರೂ ಅವರೆಲ್ಲ ವೀಸಾ ಪಡೆದು, ವಿಮಾನ ಹತ್ತಿ, ಹಾರ ಹಾಕಿಸಿಕೊಂಡು ಹೋದವರು.

ನ್ಯೂಜೆರ್ಸಿಯಲ್ಲಿ ಓದು ಮುಗಿಸಿ ಒಪಿಟಿಯಲ್ಲಿ (ಓದಿನ ನಂತರ ವಿದ್ಯಾರ್ಥಿ ವೀಸಾದ ಮೇಲೆಯೇ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಕೆಲಸ ಮಾಡುತ್ತಿದ್ದೇನೆ. ಬಾಗಿಲು ತಟ್ಟಿದರೆ ಏನು ಮಾಡಬೇಕು? ಊರಲ್ಲಿ ಅಪ್ಪ ಅಮ್ಮನಿಗೆ ಏನು ಹೇಳಿಡಬೇಕು?
— ತುಮಕೂರಿನ ಯುವತಿ

ತಟ್ಟಿದ ತಕ್ಷಣ ತೆರೆಯಬೇಕಾಗಿಲ್ಲ. ವಾರಂಟ್ ಇದೆ ಎಂದರೆ ಬಾಗಿಲ ಸಂದಿಯಿಂದ ಅಥವಾ ಕಿಟಕಿಯಲ್ಲಿ ತೋರಿಸಲು ಕೇಳಿ. ನ್ಯಾಯಾಧೀಶರ ಸಹಿಯಿದ್ದು, ನಿಮ್ಮ ವಿಳಾಸವಿದ್ದರೆ ಒಳಗೆ ಬರುವ ಅಧಿಕಾರ ಅವರಿಗಿದೆ. ಇಲಾಖೆಯ ಅಧಿಕಾರಿಯದೇ ಸಹಿಯಿರುವ ಆಡಳಿತಾತ್ಮಕ ವಾರಂಟ್ ಆದರೆ, ನಿಮ್ಮ ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವಂತಿಲ್ಲ ಎಂಬುದು ಬಹುಕಾಲದಿಂದ ನಡೆದುಬಂದ ಕಾನೂನು. ಅಂತಿಮ ಗಡೀಪಾರು ಆದೇಶ ಇರುವವರ ಮನೆಗೆ ಅಂತಹ ಕಾಗದದ ಮೇಲೂ ನುಗ್ಗಬಹುದು ಎನ್ನುವ ಐಸ್‌ನ ಒಳಸುತ್ತೋಲೆಯೊಂದು 2026ರ ಜನವರಿಯಲ್ಲಿ ಬೆಳಕಿಗೆ ಬಂತು. ಅದು ಸಕಾರಣವಿಲ್ಲದ ಶೋಧ, ಬಂಧನಗಳನ್ನು ತಡೆಯುವ ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ವಿರುದ್ಧ ಎಂಬುದು ನನ್ನ ಖಚಿತ ಅಭಿಪ್ರಾಯ. ಏನೇ ಇರಲಿ, ನೀವು ಕೈ ಅಡ್ಡ ಹಾಕಬೇಡಿ, ಓಡಬೇಡಿ. ‘ನಾನು ಒಪ್ಪಿಗೆ ಕೊಡುತ್ತಿಲ್ಲ’ ಎಂದು ಗಟ್ಟಿಯಾಗಿ ಹೇಳಿ. ವಕೀಲರು ಬರುವವರೆಗೆ ಮೌನವಾಗಿರುವ ಹಕ್ಕು ನಿಮಗಿದೆ. ಸುಳ್ಳು ಮಾತ್ರ ಹೇಳಬೇಡಿ. ಗಾಬರಿಯಲ್ಲಿ ‘ನಾನು ಅಮೆರಿಕದ ಪ್ರಜೆ’ ಎಂದುಬಿಟ್ಟರೆ ಆ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು.

ಬಂಧನವಾದರೆ ಭಾರತೀಯ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ಕೊಟ್ಟಿದೆ. ಕೇಳಿ, ಕೇಳದಿದ್ದರೆ ಅವರು ತಾವಾಗಿ ತಿಳಿಸಬೇಕೆಂದಿಲ್ಲ.

ಮನೆಯವರಿಗೆ ಕೊಡಬೇಕಾದದ್ದು ಒಂದು ಚೀಟಿ. ವಶದಲ್ಲಿರುವವರನ್ನು ಹುಡುಕಲು ಐಸ್‌ನ ಜಾಲತಾಣದಲ್ಲಿ ಒಂದು ಪುಟವಿದೆ. ಅಲ್ಲಿ ಎ-ಸಂಖ್ಯೆ (ವಿದೇಶಿಯರಿಗೆ ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೊಟ್ಟರೆ ಎಲ್ಲಿದ್ದಾರೆ ಎಂದು ತೋರಿಸುತ್ತದೆ. ನಿಮ್ಮ ಒಪಿಟಿ ಕಾರ್ಡಿನ ಮೇಲೆ ಯುಎಸ್‌ಸಿಐಎಸ್ ಸಂಖ್ಯೆ ಎಂದು ಇರುವುದೇ ಆ ಎ-ಸಂಖ್ಯೆ. ಹೆಸರಿನಿಂದಲೂ ಹುಡುಕಬಹುದು, ಆದರೆ ಅಕ್ಷರ ಅಕ್ಷರವೂ ಅವರ ದಾಖಲೆಯಂತೆಯೇ ಇರಬೇಕು. ನಮ್ಮ ಕಡೆ ಮನೆತನದ ಹೆಸರಿಲ್ಲದೆ ಬರಿಯ ಇನಿಷಿಯಲ್ ಇರುವವರೇ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಕೊನೆಯ ಹೆಸರೆಂದು ಬರೆದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ತುಂಬಿರುತ್ತಾರೆ, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು. ತುಮಕೂರಿನಲ್ಲಿ ಕುಳಿತ ಅಪ್ಪ, ಮಗಳ ಹೆಸರನ್ನು ತಾವು ಇಟ್ಟ ಹಾಗೆ ಟೈಪ್ ಮಾಡಿದರೆ ಯಾರೂ ಸಿಗುವುದಿಲ್ಲ. ವೀಸಾದ ಮೇಲೆ ಹೇಗಿದೆಯೋ ಹಾಗೆಯೇ ಚೀಟಿಯಲ್ಲಿ ಬರೆದು, ಕೆಳಗೆ ಎ-ಸಂಖ್ಯೆ ಮತ್ತು ಒಬ್ಬ ವಕೀಲರ ಫೋನ್ ಸಂಖ್ಯೆ ಹಾಕಿ, ಇವತ್ತೇ ಅವರಿಗೆ ಕಳುಹಿಸಿ.