ರೆಡಿಂಗ್‌ನಲ್ಲಿ ಹುಟ್ಟಿದ ಕೂಸು, ಹುಬ್ಬಳ್ಳಿಯಲ್ಲಿ ತೊಟ್ಟಿಲು

ಪ್ರಶ್ನೆ: ಅಕ್ಕಾ, ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮನೆಯವರದು ಸ್ಕಿಲ್ಡ್ ವರ್ಕರ್ ಅನ್ನೋ ಕೆಲಸದ ವೀಸಾ, ನನ್ನದು ಅವರ ಆಧಾರದ ಮೇಲೆ ಸಿಕ್ಕ ಡಿಪೆಂಡೆಂಟ್ ವೀಸಾ. ಇಬ್ಬರದೂ ಇನ್ನು 2 ವರ್ಷ 4 ತಿಂಗಳು ಇದೆ. ಮಗಳು ಹುಟ್ಟಿ 5 ವಾರ ಆಯ್ತು. ಇಲ್ಲೇ ಹುಟ್ಟಿದ್ದರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕೇ ಸಿಗುತ್ತೆ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲಿನ ಗೆಳತಿಯೊಬ್ಬಳು, 3 ತಿಂಗಳೊಳಗೆ ವೀಸಾ ಮಾಡಿಸದಿದ್ದರೆ ಕೂಸು ಕಾನೂನುಬಾಹಿರವಾಗಿ ಇದ್ದ ಹಾಗೆ ಅಂತ ಹೆದರಿಸಿದ್ದಾಳೆ. ಅತ್ತೆಯವರು ಮುಂದಿನ ತಿಂಗಳೇ ಬನ್ನಿ, ತೊಟ್ಟಿಲು ಶಾಸ್ತ್ರ ಮುಗಿಸೋಣ ಅಂತಿದ್ದಾರೆ. ಏನು ಮಾಡಲಿ?
— ಹುಬ್ಬಳ್ಳಿ ಸೊಸೆ, ರೆಡಿಂಗ್

ಉತ್ತರ: ತಂಗಿ, ಊರವರು ಹೇಳಿದ್ದೂ ತಪ್ಪು, ಗೆಳತಿ ಹೇಳಿದ್ದೂ ತಪ್ಪು. ಅತ್ತೆಯವರ ಮಾತು ಮಾತ್ರ ಸ್ವಲ್ಪ ಮುಂದೆ ಹಾಕಿದರೆ ನಡೆಯುತ್ತೆ.

ಬ್ರಿಟನ್ನಿನಲ್ಲಿ ಹುಟ್ಟಿದವರೆಲ್ಲ ಬ್ರಿಟಿಷರು ಅನ್ನೋ ಕಾಲ 1982ಕ್ಕೇ ಮುಗಿಯಿತು. 1983ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಗು ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಅಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಪಡೆದಿರಬೇಕು. ನಿಮ್ಮಿಬ್ಬರದೂ ಅವಧಿ ಇರುವ ವೀಸಾ. ಹಾಗಾಗಿ ಮಗಳು ಬ್ರಿಟಿಷ್ ಅಲ್ಲ. ಆದರೆ ವೀಸಾ ಇಲ್ಲದೆ ಅಲ್ಲಿದ್ದಾಳೆ ಅಂತ ಅವಳನ್ನು ಯಾರೂ ಓವರ್‌ಸ್ಟೇ ಅನ್ನಲ್ಲ. ಇದ್ದ ವೀಸಾ ಮುಗಿದರೆ ತಾನೇ ಓವರ್‌ಸ್ಟೇ? ಅವಳಿಗೆ ವೀಸಾ ಅನ್ನೋದೇ ಇರಲಿಲ್ಲವಲ್ಲ. ಇಷ್ಟು ದಿನದೊಳಗೆ ಅರ್ಜಿ ಹಾಕಲೇಬೇಕು ಅನ್ನೋ ಗಡುವೂ ಇಲ್ಲ.

ಹಾಗಾದರೆ ಆ 3 ತಿಂಗಳು ಎಲ್ಲಿಂದ ಬಂತು? ಬಹುಶಃ ಆಸ್ಪತ್ರೆ ಲೆಕ್ಕದಿಂದ. ನೀವು ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಅನ್ನೋ ಆರೋಗ್ಯ ಶುಲ್ಕ ಕಟ್ಟಿದ್ದೀರಿ ಅಲ್ವಾ, ಅದರ ಆಸರೆಯಲ್ಲಿ ಕೂಸಿಗೆ ಮೊದಲ 3 ತಿಂಗಳು ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ, ಬಿಲ್ ಇಲ್ಲ. ಅದೂ ಹುಟ್ಟಿದ ಮೇಲೆ ಒಮ್ಮೆಯೂ ದೇಶ ಬಿಟ್ಟು ಹೋಗಿರದಿದ್ದರೆ. ಆಮೇಲೆ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್ ಹತ್ತಿರ ತೋರಿಸೋದಕ್ಕೆ ದುಡ್ಡು ಕೇಳಲ್ಲ, ಆದರೆ ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ಬಿಲ್ ಬರಬಹುದು. ಅದಕ್ಕೇ ಗೆಳತಿ ಹೇಳಿದ ಕಾರಣ ತಪ್ಪಾದರೂ ಅವಳು ಹೇಳಿದ ಅವಧಿ ಸರಿಯಾಗಿಯೇ ಇದೆ. ಆ 3 ತಿಂಗಳೊಳಗೆ ಅರ್ಜಿ ಹಾಕಿಬಿಡಿ.

ಈಗ ಕೆಲಸಕ್ಕೆ ಬನ್ನಿ. ಇಂಗ್ಲೆಂಡಿನಲ್ಲಿ ಜನನ ನೋಂದಣಿಗೆ 42 ದಿನ ಕೊಡುತ್ತಾರೆ. ನಿಮಗೆ 5 ವಾರ ಆಗಿದೆ ಅಂದರೆ ಉಳಿದಿರೋದು ಒಂದೇ ವಾರ. ಇನ್ನೂ ಮಾಡಿಸಿಲ್ಲವಾದರೆ ಈ ಪತ್ರಿಕೆ ಕೆಳಗಿಟ್ಟು ಮೊದಲು ರಿಜಿಸ್ಟರ್ ಆಫೀಸಿಗೆ ಫೋನ್ ಮಾಡಿ. ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಪೂರ್ತಿ ಪ್ರತಿಯನ್ನೇ ಕೇಳಿ. ಚಿಕ್ಕ ಪ್ರತಿಯೊಂದು ಸಿಗುತ್ತೆ, ಅದರಲ್ಲಿ ತಂದೆ ತಾಯಿ ಹೆಸರೇ ಇರಲ್ಲ, ಮುಂದೆ ಯಾವ ಅರ್ಜಿಗೂ ಅದು ಸಾಲದು.

ನಮ್ಮ ಕಡೆಯವರು ಎಡವೋದು ಹೆಸರಿನ ವಿಷಯದಲ್ಲಿ. ನಾಮಕರಣ ಊರಿಗೆ ಹೋದ ಮೇಲೆ, ಅಲ್ಲಿವರೆಗೂ ಚಿನ್ನಿ ಅಂತಲೋ ಪುಟ್ಟಿ ಅಂತಲೋ ಕರೆಯೋದು, ಅಲ್ವಾ? ರಿಜಿಸ್ಟ್ರಾರ್ ಹೆಸರಿಲ್ಲದೆಯೂ ಬರೆದುಕೊಳ್ಳುತ್ತಾರೆ, ಆಮೇಲೆ 12 ತಿಂಗಳೊಳಗೆ ಸೇರಿಸೋದಕ್ಕೆ ದಾರಿ ಇದೆ. ಆದರೆ ಹೆಸರಿಲ್ಲದ ಮಗುವಿಗೆ ಪಾಸ್‌ಪೋರ್ಟ್ ಆಗಲ್ಲ. ಅದಕ್ಕೇ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಹೆಸರು ಈಗಲೇ ಗಟ್ಟಿ ಮಾಡಿಕೊಳ್ಳಿ. ಕಿವಿಯಲ್ಲಿ ಕೂಗೋ ಶಾಸ್ತ್ರ ಆಮೇಲೂ ಮಾಡಬಹುದು. ಅಡ್ಡಹೆಸರೂ ಅಷ್ಟೇ. ನಿಮ್ಮ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ ಅಂತ ಒಂದು ಇರುತ್ತೆ, ಕಷ್ಟ ಇಲ್ಲ. ಮೈಸೂರು ಕಡೆ ಇನಿಷಿಯಲ್ ಇಟ್ಟುಕೊಂಡವರ ಪಾಡು ಕೇಳಬೇಡಿ. ನನ್ನ ಚಿಕ್ಕಪ್ಪನ ಮಗಳು ಒಂದು ಕಾಗದದಲ್ಲಿ ಅಪ್ಪನ ಹೆಸರು ಸೇರಿಸಿ, ಇನ್ನೊಂದರಲ್ಲಿ ಊರಿನ ಹೆಸರು ಸೇರಿಸಿ, ಆಮೇಲೆ ಎರಡೂ ಒಂದೇ ಮಗು ಅಂತ ನಂಬಿಸೋದಕ್ಕೆ ತಿಂಗಳುಗಟ್ಟಲೆ ಓಡಾಡಿದಳು. ಎಲ್ಲ ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಆಮೇಲೆ ಮಗಳನ್ನು ಭಾರತೀಯಳನ್ನಾಗಿ ಮಾಡಬೇಕು. ನಗಬೇಡಿ, ನಿಜವಾಗಿಯೂ ಮಾಡಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪ ಅಮ್ಮ ಭಾರತೀಯರು ಅನ್ನೋದಷ್ಟೇ ಸಾಲದು. ಹುಟ್ಟಿದ 1 ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಆಗಬೇಕು, ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ನೀವು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತೆ. ಹೇಗೂ ಬ್ರಿಟಿಷ್ ಪಾಸ್‌ಪೋರ್ಟ್ ಬರುತ್ತೆ ಅಂತ ಸುಮ್ನೆ ಕೂತವರು ಸಿಕ್ಕಿಬೀಳೋದು ಇಲ್ಲೇ. ಬ್ರಿಟನ್ ಪೌರತ್ವ ಹುಟ್ಟಿನಿಂದ ಬರಲ್ಲ, ಭಾರತದ್ದು ಕೇಳದೆ ಬರಲ್ಲ. ನಿಮಗೆ ಆ ಕಚೇರಿ ಅಂದರೆ ಲಂಡನ್ನಿನ ಭಾರತೀಯ ಹೈಕಮಿಷನ್, ಅರ್ಜಿ ಹೋಗೋದು ಅದರ ಪರವಾಗಿ ಅರ್ಜಿ ತಗೊಳ್ಳೋ ವಿಎಫ್‌ಎಸ್ ಕಂಪನಿಯ ಕೇಂದ್ರದ ಮೂಲಕ. ಪಾಸ್‌ಪೋರ್ಟೂ ಅಲ್ಲೇ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಡಿಪೆಂಡೆಂಟ್ ಚೈಲ್ಡ್ ಅಂತ ಬ್ರಿಟನ್ನಿನ ಒಳಗಿನಿಂದಲೇ ಆನ್‌ಲೈನ್ ಅರ್ಜಿ ಹಾಕಿ. ನಿಮ್ಮಿಬ್ಬರಲ್ಲಿ ಯಾರ ವೀಸಾ ಮೊದಲು ಮುಗಿಯುತ್ತೋ ಅವತ್ತಿಗೇ ಮಗಳದೂ ಮುಗಿಯುತ್ತೆ. ಸರ್ಚಾರ್ಜ್ ಮಕ್ಕಳಿಗೆ 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡ್. ವರ್ಷದ ಮೇಲೆ ಉಳಿದದ್ದು 6 ತಿಂಗಳಿಗಿಂತ ಕಡಿಮೆ ಇದ್ದರೆ ಅರ್ಧ ವರ್ಷದ ದುಡ್ಡು. ನಿಮ್ಮ 2 ವರ್ಷ 4 ತಿಂಗಳಿಗೆ ಎರಡೂವರೆ ವರ್ಷ ಅಂತ ಹಿಡಿದರೆ 1,940 ಪೌಂಡ್, ವೀಸಾ ಫೀ ಬೇರೆ. ತೊಟ್ಟಿಲಿಗಿಂತ ಕಾಗದವೇ ದುಬಾರಿ!

ಇನ್ನು ಹುಬ್ಬಳ್ಳಿ. ಪಾಸ್‌ಪೋರ್ಟ್ ಇದ್ದರೆ ಮಗಳು ವಿಮಾನ ಹತ್ತಬಹುದು, ಆದರೆ ವೀಸಾ ಇಲ್ಲದೆ ವಾಪಸ್ ಬರೋಕಾಗಲ್ಲ. ಭಾರತದಿಂದಲೇ ಅರ್ಜಿ ಹಾಕಿ ಅಲ್ಲೇ ಕಾಯಬೇಕು. ಅರ್ಜಿ ಹಾಕಿಬಿಟ್ಟಿದ್ದೇವೆ, ಉತ್ತರ ಬರೋದರೊಳಗೆ ಹೋಗಿಬರೋಣ ಅಂದರೆ ಇನ್ನೂ ಕೆಟ್ಟದ್ದು. ನಡುವೆ ದೇಶ ಬಿಟ್ಟರೆ ಅರ್ಜಿಯನ್ನು ನೀವೇ ಹಿಂದಕ್ಕೆ ತಗೊಂಡ ಹಾಗೆ ಲೆಕ್ಕ. ಸಾಮಾನ್ಯವಾಗಿ 8 ವಾರದಲ್ಲಿ ಉತ್ತರ ಬರುತ್ತೆ. ಅದು ಬರೋವರೆಗೂ ಟಿಕೆಟ್ ಬುಕ್ ಮಾಡಬೇಡಿ. ಅತ್ತೆಯವರಿಗೆ ನಿಮ್ಮ ಬದಲು ಮನೆಯವರೇ ಹೇಳಲಿ, ಮಗ ಹೇಳಿದರೆ ಬೇಗ ಒಪ್ಪುತ್ತಾರೆ.

ಮುಂದೆ ನಿಮ್ಮಲ್ಲಿ ಒಬ್ಬರಿಗೆ ಕಾಯಂ ನೆಲೆಸುವ ಅನುಮತಿ ಸಿಕ್ಕಿತು ಅಂದುಕೊಳ್ಳಿ. ಅಲ್ಲೇ ಹುಟ್ಟಿದ ಮಗಳು 18 ದಾಟಿರದಿದ್ದರೆ ಅವಳನ್ನು ನೇರವಾಗಿ ಬ್ರಿಟಿಷ್ ಪ್ರಜೆ ಅಂತ ನೋಂದಾಯಿಸಬಹುದು. ಅವಳಿಗೆ ಬೇರೆಯಾಗಿ ಕಾಯಂ ಅನುಮತಿಗೆ ದುಡ್ಡು ಸುರಿಯಬೇಕಿಲ್ಲ. ಆವಾಗ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ, ಅಂದರೆ ಭಾರತದ ಸಾಗರೋತ್ತರ ನಾಗರಿಕ ಕಾರ್ಡ್ ಮಾಡಿಸೋದು.

ಪ್ರಶ್ನೆ: ಮೇಡಂ, ನಾವು ಭಟ್ಕಳದವರು, ದುಬೈನಲ್ಲಿದ್ದೇವೆ. ಮಗ ಹುಟ್ಟಿ 2 ತಿಂಗಳಾಯ್ತು, ಇನ್ನೂ ವೀಸಾ ಮಾಡಿಸಿಲ್ಲ. ಅವಸರ ಏನೂ ಇಲ್ಲ ಅಲ್ವಾ?
— ಭಟ್ಕಳದ ಅಪ್ಪ, ದುಬೈ

ಉತ್ತರ: ಇದೆ ಸಾರ್, ತುಂಬಾ ಇದೆ. ಮೇಲಿನ ಉತ್ತರ ಬ್ರಿಟನ್ನಿಗೆ ಮಾತ್ರ. ನಿಮ್ಮಲ್ಲಿ ಹುಟ್ಟಿದ 120 ದಿನದೊಳಗೆ ಮಗುವಿನ ರೆಸಿಡೆನ್ಸ್ ವೀಸಾ ಆಗಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ಅರ್ಧ ಸಮಯ ಆಗಲೇ ಹೋಗಿದೆ. ಜನನ ಪ್ರಮಾಣಪತ್ರ, ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಣಿ ಮತ್ತು ಪಾಸ್‌ಪೋರ್ಟ್, ಆಮೇಲೆ ವೀಸಾ, ಎಮಿರೇಟ್ಸ್ ಐಡಿ ಅನ್ನೋ ಅಲ್ಲಿನ ಗುರುತಿನ ಚೀಟಿ. ಸಂಬಳ 4,000 ದಿರ್ಹಮ್ ಇರಬೇಕು, ಕಂಪನಿ ಮನೆ ಕೊಟ್ಟಿದ್ದರೆ 3,000 ಸಾಕು. ಪಾಸ್‌ಪೋರ್ಟ್ ಅರ್ಜಿ ಈ ವಾರವೇ ಹೋಗಲಿ.